ಬಯಲುಸೀಮೆಯ ಹೂದೋಟ

ಮಹಾಕಾವ್ಯಕ್ಕೆ ಇಂತಿಂಥ ವರ್ಣನೆಗಳು ಇರತಕ್ಕದ್ದೆಂದು ಸಂಸ್ಕೃತದ ಆಲಂಕಾರಿಕರು ಕಟ್ಟುಮಾಡಿರುವರಷ್ಟೆ. ಪಟ್ಟಣ, ಸಮುದ್ರ, ಪರ್ವತ, ಋತು, ಚಂದ್ರಸೂರ್ಯರ ಉದಯ ಇವುಗಳ ಸಾಲಿನಲ್ಲಿಯೇ ದಂಡಿಯು ತನ್ನ 'ಕಾವ್ಯಾದರ್ಶ'ದಲ್ಲಿ ಉದ್ಯಾನವನ್ನೂ ಎಣಿಸಿರುವನು. ಹೀಗಾಗಿ ತೋಟವಿಲ್ಲದ ಮಹಾಕಾವ್ಯವು ಅಪೂರ್ವ. ಮಾವು ಚಿಗುರದ, ಕೋಗಿಲೆ ಕೂಗದ, ಅಶೋಕವು ಹೂಬಿಡದ ತೋಟವು ಇನ್ನೂ ಅಪೂರ್ವ. ಪಾಠಶಾಲೆಯಲ್ಲಿ ಎಳೆಯರಾಗಿದ್ದಾಗ ಈ ವರ್ಣನೆಗಳನ್ನು ನಾವು ಕಂಠಪಾಠ ಮಾಡಿದೆವು; ಮುಂದೆ ಮಾಸ್ತರಿಕೆಗೆ ಸೇರಿ ಮೂರು ದಶಕಗಳಿಗೂ ಮಿಕ್ಕಿ ಅವನ್ನೇ ಹುಡುಗರಿಗೆ ಬಿಡಿಸಿ ಹೇಳಿದೆವು. ಹೇಳುವವನ ಕಿಟಕಿಯ ಹೊರಗೆ ಜಾಲಿಯ ಗಿಡ, ಕೇಳುವವರ ಕಾಲಲ್ಲಿ ಎರೆಹೊಲದ ಧೂಳು. ನಡುವೆ ಪುಸ್ತಕದಲ್ಲಿ ಮಾತ್ರ ಬಕುಲ, ಪುನ್ನಾಗ, ಪಾಟಲಗಳ ಪರಿಮಳ! ಒಮ್ಮೆ ಒಬ್ಬ ಹುಡುಗನು ಎದ್ದುನಿಂತು, "ಗುರುಗಳೇ, ಹೆಣ್ಣುಮಗಳು ಕಾಲಿಂದ ಒದ್ದರ ಅಶೋಕದ ಗಿಡ ಹೂ ಬಿಡತದ ಅಂತೀರಿ. ನಮ್ಮ ಹೊಲದಾಗಿನ ಬೇವಿನ ಗಿಡ ಯಾರೂ ಒದೀದಿದ್ದರೂ ಬ್ಯಾಸಗ್ಯಾಗ ಹೂ ಬಿಡತದಲ್ರೀ?" ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆನು. ಆದರೆ ಆ ಪ್ರಶ್ನೆಯು ನಗೆಯೊಡನೆ ಮುಗಿಯುವಂಥದಾಗಿರಲಿಲ್ಲ. ನಮ್ಮ ಸೀಮೆಯ ಹೂವು ಯಾತರಿಂದ ಅರಳುತ್ತದೆ? ನೀರಿನಿಂದಲೇ ಎನ್ನೋಣವೆಂದರೆ, ನೀರು ತೀರಿಹೋಗುವ ಹೊತ್ತಿಗೇ ಅದು ಅರಳುವದೇಕೆ? ಈ ಪ್ರಶ್ನೆಯನ್ನು ಕಾವ್ಯದಲ್ಲಲ್ಲದೆ ನೆಲದ ಮೇಲೆ ಓದುವ ಸಂದರ್ಭವು ನಿವೃತ್ತಿಯ ತರುವಾಯ ನನಗೆ ಒದಗಿತು.

ವಾಚಕರಲ್ಲಿ ಅನೇಕರು ನಾನಿರುವ ಕುಳಗೇರಿ ಕ್ರಾಸನ್ನು ಬಸ್ಸಿನ ಕಿಟಕಿಯಿಂದ ಬಲ್ಲರು. ಹುಬ್ಬಳ್ಳಿಯಿಂದ ನವಲಗುಂದ ನರಗುಂದಗಳ ಮೇಲೆ ವಿಜಯಪುರದತ್ತ ಸಾಗುವ ಹೆದ್ದಾರಿಯು ಮಲಪ್ರಭೆಯನ್ನು ದಾಟಿ ಬಂದ ಬಳಿಕ, ಬಾದಾಮಿಯ ದಾರಿಯು ಅದರಿಂದ ಅಗಲುವ ಕೂಡುಸ್ಥಳವಿದು. ಚಹದ ಅಂಗಡಿಗಳು, ಬಾಳೆಹಣ್ಣಿನ ಬಂಡಿಗಳು, ಗಂಟು ಹೊತ್ತು ಬಸ್ಸಿಗಾಗಿ ಓಡುವ ಜನ, ಬಾದಾಮಿಯ ಗುಹೆಗಳನ್ನು ನೋಡಹೊರಟ ಪರಸ್ಥಳದವರು, ಇವರೇ ಇಲ್ಲಿಯ ನಿತ್ಯದ ಚಿತ್ರ. 'ಕ್ರಾಸ್' ಎಂಬ ಪರಭಾಷೆಯ ಮಾತು ಹೆಸರಿಗೆ ಅಂಟಿಕೊಂಡು ಬೇರೆಮಾಡಲಾರದಂತೆ ಬೆಸೆದುಹೋಗಿದೆ. ಇಲ್ಲಿ ಇಳಿಯುವವರೆಲ್ಲ ಮತ್ತೆಲ್ಲಿಗೋ ಹೋಗುವವರು. ಇಲ್ಲಿ ಹೂದೋಟವಿರಬಹುದೆಂದು ಯಾರೂ ಭಾವಿಸರು.

ಭಾವಿಸದಿರಲು ಕಾರಣವೂ ಉಂಟು. ನರಗುಂದದ ಕಡೆಗೆ ನೋಡಿದರೆ ಕಣ್ಣು ಹರಿಯುವಷ್ಟು ದೂರ ಕರಿಯ ಎರೆನೆಲ. ಬೇಸಗೆಯಲ್ಲಿ ಅದು ಬಾಯಿಬಿಟ್ಟರೆ ಬಿರುಕಿನಲ್ಲಿ ಅಂಗೈಯನ್ನು ಇಳಿಸಬಹುದು. ಬಾದಾಮಿಯ ಕಡೆಗೆ ನೋಡಿದರೆ ಕೆಂಗಲ್ಲಿನ ಗುಡ್ಡ, ಕೆಂಪು ಮರಳುನೆಲ. ಪಟ್ಟದಕಲ್ಲಿಗೆ ಹಿಂದೆ 'ಕಿಸುವೊಳಲ್' ಎಂಬ ಹೆಸರಿತ್ತು. 'ಕೆಂಪು ಪಟ್ಟಣ'ವೆಂದು ಅದರ ಅರ್ಥ. ಹೆಸರಿಟ್ಟವರು ಮಣ್ಣನ್ನೂ ಕಲ್ಲನ್ನೂ ಕಣ್ಣಾರೆ ನೋಡಿಯೇ ಇಟ್ಟರು. ನಮ್ಮ ಜಿಲ್ಲೆಯಲ್ಲಿ ವರುಷಕ್ಕೆ ಬೀಳುವ ಮಳೆಯು ಸರಾಸರಿಗೆ ೬೦೦ ಮಿಲಿಮೀಟರಿಗಿಂತ ಕಡಿಮೆ. ಇದೇ ಕನ್ನಡನಾಡಿನ ಆಗುಂಬೆಯಲ್ಲಿ ೭೦೦೦ ಮಿಲಿಮೀಟರಿಗೂ ಮಿಗಿಲು. ಆ ಅಲ್ಪ ಮಳೆಯೂ ಜೇಷ್ಠದಿಂದ ಆಶ್ವಿನದವರೆಗೆ ಬಂದಷ್ಟು ಬಂದು ಮುಗಿಯುವದು. ಚೈತ್ರವು ಕಾಲಿಡುವ ಹೊತ್ತಿಗೆ ನೆಲವು ಒಳ್ಳೆಯ ಮಳೆಯನ್ನು ಕಂಡು ನಾಲ್ಕೈದು ತಿಂಗಳುಗಳು ಸಂದಿರುತ್ತವೆ.

ಇಂಥ ಸ್ಥಳದಲ್ಲಿ ನಾವು ಮನೆ ಕಟ್ಟಿದಾಗ ಹಿತ್ತಲಲ್ಲಿ ಮೂರು ಗುಂಟೆ ನೆಲವು ಮಿಕ್ಕಿತು. ಅದರಲ್ಲಿ ತೋಟವಾಗಬೇಕೆಂದು ಹಠ ಹಿಡಿದವಳು ನನ್ನ ಗೃಹಿಣಿ. ನಾನು ಮಲ್ಲಿಗೆಯ ಪಕ್ಷದವನು. ಅವಳು ಗುಲಾಬಿಯ ಪಕ್ಷದವಳು. ಮನೆಯ ಮೂಡಣ ಗೋಡೆಯ ಬುಡದಲ್ಲಿ ಅವಳು ಏಳು ಗುಲಾಬಿಯ ಗಿಡಗಳನ್ನು ನೆಟ್ಟಳು. ಮಕ್ಕಳಿಗೆ ಹೆಸರಿಟ್ಟಂತೆ ಒಂದೊಂದಕ್ಕೂ ಒಂದು ಗುರುತು ಇಟ್ಟುಕೊಂಡಿದ್ದಳು. ೨೦೨೦ರಲ್ಲಿ ಅವಳು ತೀರಿಕೊಂಡ ಮೇಲೆ ಎರಡೂ ಪಕ್ಷಗಳ ಸೇವೆಯು ನನ್ನೊಬ್ಬನ ಪಾಲಿಗೆ ಬಂತು.

ಚೈತ್ರದಲ್ಲಿ ಈ ಮೂರು ಗುಂಟೆಯ ತೋಟವು ಕಾಣುವ ಬಗೆಯನ್ನು ಇದ್ದಂತೆಯೇ ಹೇಳುವೆನು. ಬೆಳಗಿನ ಐದೂವರೆಗೆ ಹಿತ್ತಲ ಬಾಗಿಲು ತೆರೆದರೆ ಮೊದಲು ಬರುವದು ರೂಪವಲ್ಲ, ಗಂಧ. ಬೇವಿನ ಹೂವಿನ ಜೇನುಗಂಧವು ರಾತ್ರಿಯೆಲ್ಲ ಮಾಗಿ ತಂಪಾದ ಗಾಳಿಯಲ್ಲಿ ನಿಂತಿರುವದು. ಇಷ್ಟು ಕಹಿಯಾದ ಗಿಡಕ್ಕೆ ಇಷ್ಟು ಸಿಹಿಯಾದ ಉಸಿರನ್ನು ಸೃಷ್ಟಿಕರ್ತನು ಕೊಟ್ಟನೇಕೆಂದು ಪ್ರತಿ ವರುಷವೂ ಬೆರಗಾಗುವೆನು. ಬೆಳಕು ಹರಿದಂತೆ ದುಂಡುಮಲ್ಲಿಗೆಯ ಪೊದೆಗಳ ಕಡುಹಸುರು ಎಲೆಗಳ ನಡುವೆ ಬಿಳಿಯ ಮೊಗ್ಗುಗಳು ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ. ಇನ್ನೂ ಅರಳಿರುವದಿಲ್ಲ, ಆದರೆ ಬಿಗಿದು ತುಂಬಿಕೊಂಡಿರುತ್ತವೆ. ಬೇಲಿಯ ಗುಂಟ ಕಣಗಿಲೆಯ ಕೆಂಪು ಬಿಳಿಯ ಗೊಂಚಲುಗಳು. ಕೋಳಿಯ ಪುಕ್ಕದಂತೆ ತೊನೆಯುವ ರತ್ನಗಂಧಿ. ಬಾಗಿಲ ಮಗ್ಗುಲಲ್ಲಿ ಎಲೆಯೊಂದೂ ಇಲ್ಲದೆ ಬೊಡ್ಡು ಕೊಂಬೆಗಳ ತುದಿಯಲ್ಲಿ ಹೂವಿನ ತಟ್ಟೆಯನ್ನು ಹಿಡಿದು ನಿಂತ ದೇವಕಣಗಿಲೆ. ಏಳು ಗಂಟೆಗೆ ಸೂರಕ್ಕಿಗಳು ಬರುವವು. ಹೆಬ್ಬೆರಳಿನಷ್ಟು ಪ್ರಾಣಿ, ನೀಲಿಯೋ ನೇರಿಳೆಯೋ ಎಂದು ನಿಶ್ಚಯಿಸುವಷ್ಟರಲ್ಲಿ ಗಿಡವನ್ನೇ ಬದಲಿಸಿರುತ್ತದೆ.

ಮಧ್ಯಾಹ್ನಕ್ಕೆ ಈ ವೈಭವವೆಲ್ಲ ಬಿಸಿಲಿಗೆ ತಲೆಬಾಗುವದು. ಎಲೆಗಳು ಜೋಲುತ್ತವೆ, ಜೇನ್ನೊಣಗಳೂ ಕಲ್ಲುಬಾನಿಯ ಅಂಚಿಗೆ ಬಂದು ಕೂಡುತ್ತವೆ. ಮತ್ತೆ ಸಂಜೆ ಗಾಳಿ ತಿರುಗಿದಾಗ ಹೊಂಗೆಯ ಮರದಿಂದ ನಸುಗೆಂಪು ಬೆರೆತ ಬಿಳಿಯ ಹೂಗಳು ಅರಳು ಚೆಲ್ಲಿದಂತೆ ನೆಲದ ಮೇಲೆ ಉದುರುವವು. ದೀಪ ಹಚ್ಚುವ ಹೊತ್ತಿಗೆ, ಮುಂಜಾನೆ ಬಿಗಿದಿದ್ದ ಮಲ್ಲಿಗೆಯು ಬಿಚ್ಚಿಕೊಳ್ಳುವದು. ಕತ್ತಲಲ್ಲಿ ಬಣ್ಣಕ್ಕೆ ಬೆಲೆಯಿಲ್ಲವಾದ್ದರಿಂದ ಮಲ್ಲಿಗೆಯು ಬಣ್ಣವನ್ನು ಬಿಟ್ಟು ಬಿಳುಪನ್ನೂ ಪರಿಮಳವನ್ನೂ ಆರಿಸಿಕೊಂಡಿದೆ. ಅದರ ಅತಿಥಿಗಳು ರಾತ್ರಿ ಹಾರಾಡುವ ಪತಂಗಗಳು. ಹಗಲಿಗೆ ಒಂದು ಸಭೆ, ಇರುಳಿಗೆ ಒಂದು ಸಭೆ; ತೋಟವು ಎರಡಕ್ಕೂ ಬಾಗಿಲು ತೆರೆದಿಡುತ್ತದೆ.

ಇನ್ನು ಆ ಹುಡುಗನ ಪ್ರಶ್ನೆಗೆ ಬರೋಣ. ಫಾಲ್ಗುಣದಲ್ಲಿ ಬಾದಾಮಿಯ ದಾರಿಯ ಗುಡ್ಡದ ಓರೆಗಳಲ್ಲಿ ಮುತ್ತಲದ ಗಿಡಗಳು ಎಲೆಯನ್ನೆಲ್ಲ ಉದುರಿಸಿ ಬೆಂಕಿ ಹೊತ್ತಿಕೊಂಡಂತೆ ಹೂತು ನಿಲ್ಲುವವು. ಆ ಹೂಗಳನ್ನು ಕುದಿಸಿದ ಬಣ್ಣದಿಂದ ಹೋಳಿಯಾಡುವ ವಾಡಿಕೆಯು ಹಿಂದಿನಿಂದ ಬಂದದ್ದು. ಬಾಗಲಕೋಟೆಯ ಹೋಳಿಯ ಸಂಭ್ರಮವು ನಾಡಿನಲ್ಲೆಲ್ಲ ಹೆಸರಾಗಿದೆ. ಚೈತ್ರದಲ್ಲಿ ಬೇವು. ಅದರ ಹೂವನ್ನು ಬೆಲ್ಲ, ಹುಣಸೆಹಣ್ಣುಗಳೊಡನೆ ಕಲಸಿದ ಪಾನಕವನ್ನೇ ನಮ್ಮ ಕಡೆಗೆ 'ಬೇವು' ಎಂದು ಕರೆದು ಯುಗಾದಿಯ ದಿನ ಕುಡಿಯುವೆವು. ಚೈತ್ರ ವೈಶಾಖಗಳ ಸಂಧಿಯಲ್ಲಿ ಕಕ್ಕೆ. ಚಿನ್ನದ ಸರಗಳನ್ನು ಇಳಿಬಿಟ್ಟಂತೆ ಹೂಗೊಂಚಲುಗಳು. ಅದನ್ನೇ ಕೇರಳದವರು ವಿಷುವಿನ ದಿನ ದೇವರ ಮುಂದಿಡುವರು. ಇವೆಲ್ಲವೂ ನೀರು ತೀರಿದ ಕಾಲಕ್ಕೇ ಹೂಬಿಡುವದು ಆಕಸ್ಮಿಕವಲ್ಲ. ಎಲೆಯ ಮೈಯ ಸೂಕ್ಷ್ಮರಂಧ್ರಗಳಿಂದ ಗಿಡದ ನೀರು ಹಗಲೆಲ್ಲ ಆವಿಯಾಗಿ ಹೋಗುತ್ತಿರುತ್ತದೆ. ಒಣಗಾಲ ಬಂದಾಗ ಮರವು ಎಲೆಯನ್ನು ಕಳಚಿ ಆ ವೆಚ್ಚವನ್ನು ನಿಲ್ಲಿಸುವದು. ಉಳಿಸಿದ ಸಾರವನ್ನು ಹೂವಿಗೆ ಕೊಡುವದು. ಎಲೆಯ ಮರೆಯಿಲ್ಲದ್ದರಿಂದ ಹೂವು ಹಕ್ಕಿಗೂ ನೊಣಕ್ಕೂ ದೂರದಿಂದಲೇ ಕಾಣುವದು. ಈಗ ಹೂತ ಬೇವು ಮಳೆಗಾಲದ ಮೊದಲ ತಿಂಗಳುಗಳಲ್ಲಿ ಹಣ್ಣಾಗಿ ಉದುರುತ್ತದೆ. ಬೀಜವು ಬಿದ್ದಲ್ಲಿ ನೆಲವು ಹಸಿಯಾಗಿರುತ್ತದೆ. ಅಂದಮೇಲೆ ಬೇಸಗೆಯ ಹೂವೆಂಬದು ಬಾರದ ಮಳೆಯ ಮೇಲೆ ಮರವು ಇಟ್ಟ ನಂಬಿಗೆ. ವೆಚ್ಚವನ್ನು ತಗ್ಗಿಸಿಕೊಂಡು ನಂಬಿಗೆಯನ್ನು ಉಳಿಸಿಕೊಳ್ಳುವದು: ನಮ್ಮ ಒಕ್ಕಲಿಗನ ಬಾಳೂ ಇದೇ ಅಲ್ಲವೇ?

ಮಲ್ಲಿಗೆಯ ಕೃಷಿಯಲ್ಲಿಯೂ ಇದೇ ಮರ್ಮವಿದೆ. ಕಾರ್ತಿಕ ಮಾರ್ಗಶಿರಗಳಲ್ಲಿ ದುಂಡುಮಲ್ಲಿಗೆಗೆ ನೀರನ್ನು ನಿಲ್ಲಿಸಬೇಕು. ಗಿಡವು ಬಾಡಿ ಎಲೆ ಹಳದಿಯಾದಾಗ ನೆಲದಿಂದ ಒಂದೂವರೆ ಅಡಿಯ ಎತ್ತರಕ್ಕೆ ಸವರಿ, ಬುಡ ಬಿಡಿಸಿ, ಗೊಬ್ಬರ ಕೊಟ್ಟು, ಆ ಮೇಲೆ ನೀರು ಹಾಯಿಸಬೇಕು. ಹೊಸ ಚಿಗುರು ಬಂದು ಅದರ ತುದಿಯಲ್ಲಿ ಮೊಗ್ಗು ಕಟ್ಟುವದು. ವರುಷವಿಡೀ ಎಡೆಬಿಡದೆ ನೀರುಂಡ ಮಲ್ಲಿಗೆಯು ಎಲೆಯಲ್ಲಿ ಕೊಬ್ಬುವದೇ ಹೊರತು ಹೂವಿನಲ್ಲಿ ಉದಾರವಾಗದು. ತುಂಗಭದ್ರೆಯ ದಂಡೆಯ ಹೂವಿನಹಡಗಲಿಯ ಮಲ್ಲಿಗೆಯ ಕೀರ್ತಿಯು ವಾಚಕರಿಗೆ ಗೊತ್ತಿದ್ದದ್ದೇ. ಹಂಪಿಯ ದೇವರಿಗೆ ಅಲ್ಲಿಂದ ಹಡಗುಗಳಲ್ಲಿ ಹೂ ಹೋಗುತ್ತಿದ್ದವೆಂದು ಜನರು ಆ ಊರಿನ ಹೆಸರಿಗೆ ಕಥೆ ಹೇಳುವರು. ಅದೂ ಬಯಲುಸೀಮೆಯ ಊರೇ. ಮಲ್ಲಿಗೆಯು ಬಿಸಿಲಿನ ಮಗಳು. ಅವಳಿಗೆ ಬೇಕಾದದ್ದು ಕಾಲಕ್ಕೆ ನೀರು, ಸದಾಕಾಲದ ನೀರಲ್ಲ.

ಈ ಸಭೆಗೆ ಪರದೇಶದ ಅತಿಥಿಗಳೂ ಬಂದಿರುವರು. ದೇವರ ತಲೆಯನ್ನೇರಿದ ದೇವಕಣಗಿಲೆಯು ಅಮೆರಿಕ ಖಂಡದ್ದು. ಬೇಲಿಯ ಮೇಲೆ ಹೊತ್ತುರಿಯುವ ಕಾಗದದ ಹೂವಿನ ಬಳ್ಳಿಯೂ ಅಲ್ಲಿಯದೇ. ವೈಶಾಖದಲ್ಲಿ ಹೆದ್ದಾರಿಯ ಅಂಚನ್ನು ಕೆಂಪಾಗಿಸುವ ಗುಲ್‌ಮೊಹರು ಮಡಗಾಸ್ಕರ ದ್ವೀಪದ್ದು. ಕಾಗದದ ಹೂವಿನಲ್ಲಿ ನಾವು ಬಣ್ಣದ ದಳಗಳೆಂದು ತಿಳಿಯುವಂಥವು ದಳಗಳೇ ಅಲ್ಲ, ಬಣ್ಣ ತಾಳಿದ ಎಲೆಗಳು. ನಿಜವಾದ ಹೂವು ಅವುಗಳ ನಡುವೆ ಅಡಗಿದ ಬೆಳ್ಳನೆಯ ಸಣ್ಣ ಕೊಳವೆ. ನೀರು ಕಡಿಮೆಯಾದಷ್ಟೂ ಆ ಬಳ್ಳಿಗೆ ಬಣ್ಣ ಹೆಚ್ಚು. ದೂರದಿಂದ ಬಂದರೂ ಈ ನೆಲದ ನಡವಳಿಕೆಗೆ ಒಗ್ಗಿದವುಗಳನ್ನು ನಾವು ನಮ್ಮವೆಂದೇ ಎಣಿಸಿದೆವು. ಪೂಜೆಗೂ ಮುಡಿಗೂ ತೆಗೆದುಕೊಂಡೆವು.

ನಮ್ಮ ಹಿರಿಯರು ತೋಟದ ವಿಷಯದಲ್ಲಿ ಕೇವಲ ಅಶೋಕದ ದೋಹದವನ್ನೇ ನಂಬಿ ಕೂತಿರಲಿಲ್ಲ. ಆರನೆಯ ಶತಮಾನದ ವರಾಹಮಿಹಿರನು 'ಬೃಹತ್ಸಂಹಿತೆ'ಯಲ್ಲಿ ವೃಕ್ಷಾಯುರ್ವೇದಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟನು. ಮೆತ್ತನೆಯ ಮಣ್ಣು ಎಲ್ಲ ಗಿಡಗಳಿಗೂ ಹಿತವೆಂದೂ, ಮೊದಲು ಎಳ್ಳನ್ನು ಬಿತ್ತಿ ಅದು ಹೂಬಿಟ್ಟಾಗ ಅಲ್ಲಿಯೇ ತುಳಿದು ಮಣ್ಣಿಗೆ ಸೇರಿಸಬೇಕೆಂದೂ ಅವನು ಹೇಳುವನು. ಈಗಿನವರು ಹಸುರುಗೊಬ್ಬರವೆನ್ನುವದು ಇದನ್ನೇ. ಮರದಿಂದ ಮರಕ್ಕೆ ಇಪ್ಪತ್ತು ಮೊಳ ಅಂತರವಿರುವದು ಉತ್ತಮ, ಹದಿನಾರು ಮಧ್ಯಮ, ಹನ್ನೆರಡು ಕನಿಷ್ಠವೆಂದು ಲೆಕ್ಕ ಕೊಡುವನು. ನೆಟ್ಟ ಗಿಡಗಳಿಗೆ ಬೇಸಗೆಯಲ್ಲಿ ಸಂಜೆ ಮುಂಜಾನೆ ಎರಡೂ ಹೊತ್ತು, ಚಳಿಗಾಲದಲ್ಲಿ ದಿನ ಬಿಟ್ಟು ದಿನ, ಮಳೆಗಾಲದಲ್ಲಿ ನೆಲ ಒಣಗಿದಾಗ ಮಾತ್ರ ನೀರೆರೆಯಬೇಕೆಂದು ವಿಧಿಸುವನು. ನಾನು ಈ ವಿಧಿಗಳನ್ನು ತೋಟದಲ್ಲಿ ನಡೆಸಿ ನೋಡಿದ್ದೇನೆ. ಎಳ್ಳಿನ ಮಾತು ಇಂದಿಗೂ ಸುಳ್ಳಾಗಿಲ್ಲ. ಬೇಸಗೆಯ ಎರಡು ಹೊತ್ತಿನ ನೀರಿನ ಮಾತು ಮಾತ್ರ ಶಾಸ್ತ್ರದಲ್ಲಿ ಅರ್ಧ ಶ್ಲೋಕ. ನಮ್ಮೂರಿನಲ್ಲಿ ಅದೊಂದು ಧರ್ಮಸಂಕಟ.

ಯಾಕಂದರೆ ಶಾಸ್ತ್ರವು ತೋಟವನ್ನು ಹೇಳುವ ಮೊದಲು ನೀರನ್ನು ಇದ್ದದ್ದಾಗಿ ಭಾವಿಸಿರುತ್ತದೆ. ನಮ್ಮ ನೆರೆಯ ಪುರಾತನರು ಹಾಗೆ ಭಾವಿಸಲಿಲ್ಲ. ಮೊದಲು ನೀರಿಗೆ ನೆಲೆ ಮಾಡಿದರು. ಬಾದಾಮಿಯಲ್ಲಿ ಎರಡು ಗುಡ್ಡಗಳ ನಡುವೆ ಅಗಸ್ತ್ಯತೀರ್ಥವೆಂಬ ಕೆರೆ. ಗುಡ್ಡದ ಮೇಲೆ ಬಿದ್ದ ಮಳೆಯು ಬಂಡೆಯಿಂದ ಇಳಿದು ಅದನ್ನು ಸೇರುವದು. ಅದರ ಮೇಲ್ಗಡೆಯ ಮೂರನೆಯ ಗುಹೆಯನ್ನು ೫೭೮ರಲ್ಲಿ ಮಂಗಲೇಶನು ಮಾಡಿಸಿದನೆಂದು ಅಲ್ಲಿಯ ಶಾಸನವು ಹೇಳುತ್ತದೆ. ಅದರ ಕಂಬಗಳ ಬೋದಿಗೆಗಳಲ್ಲಿ ಮರದ ಕೆಳಗೆ ನಿಂತ ದಂಪತಿಗಳನ್ನು ಕಡೆದಿದ್ದಾರೆ. ಹುಲ್ಲುಕಡ್ಡಿಯೂ ಬಾಡುವ ಬಿಸಿಲಿನಲ್ಲಿ ನಿಂತು ಆ ಕೆಂಗಲ್ಲಿನ ಎಲೆಗೊಂಚಲುಗಳನ್ನು ನೋಡಿದರೆ, ಶಿಲ್ಪಿಗೆ ನೆರಳು ಎಷ್ಟು ಪ್ರಿಯವಾಗಿತ್ತೆಂಬದು ತಿಳಿಯುವದು. ಮಹಾಕೂಟದಲ್ಲಿ ಬತ್ತದ ಒರತೆಯ ವಿಷ್ಣುಪುಷ್ಕರಿಣಿ, ಬನಶಂಕರಿಯಲ್ಲಿ ಹರಿದ್ರಾತೀರ್ಥ. ಇಂಥ ನೀರು ಇದ್ದಲ್ಲಿಯೇ ತೆಂಗು ಬಾಳೆ ಎಲೆಬಳ್ಳಿಗಳ ತೋಟಗಳು ತಂಪಾಗಿ ನಿಂತಿವೆ.

ಮಲಪ್ರಭೆಯಾದರೂ ನಮಗೆ ಹತ್ತಿರದವಳೇ. ಕಣಕುಂಬಿಯಲ್ಲಿ ಹುಟ್ಟಿ, ನವಿಲುತೀರ್ಥದ ಜಲಾಶಯದಲ್ಲಿ ತಂಗಿ, ನಮ್ಮ ಪಕ್ಕದಿಂದ ಹಾಯ್ದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವಳು. ೨೦೧೯ರ ಆಗಸ್ಟಿನಲ್ಲಿ ಅವಳು ದಂಡೆ ಮೀರಿ ಊರುಗಳನ್ನೇ ಹೊಕ್ಕಳು. ಹೆದ್ದಾರಿಯು ಕಡಿದುಹೋಗಿ ನಮ್ಮ ಕ್ರಾಸಿನಲ್ಲಿ ಲಾರಿಗಳು ಸಾಲುಗಟ್ಟಿ ನಿಂತವು. ಅದೇ ನದಿಯ ಪಾತ್ರದಲ್ಲಿ ಮುಂದಿನ ಬರಗಾಲದಲ್ಲಿ ಹುಡುಗರು ಚೆಂಡಾಡಿದರು. ೨೦೨೩ರ ಮುಂಗಾರು ಕೈಕೊಟ್ಟಿತು. ರಾಜ್ಯದ ೨೩೬ ತಾಲೂಕುಗಳಲ್ಲಿ ೨೨೩ ಬರಪೀಡಿತವೆಂದು ಸರಕಾರವು ಸಾರಿತು. ಹಿಂಗಾರೂ ನೆಚ್ಚಿಗೆ ಕೊಡಲಿಲ್ಲ. ೨೦೨೪ರ ಏಪ್ರಿಲ್ ೯ಕ್ಕೆ ಕ್ರೋಧಿ ಸಂವತ್ಸರದ ಯುಗಾದಿ ಬಂದಾಗ, ನಮ್ಮ ಹಿತ್ತಲ ಕೊಳವೆಬಾವಿಯು ಮುಂಜಾನೆ ಇಪ್ಪತ್ತೈದು ನಿಮಿಷ ನೀರು ಕೊಟ್ಟು, ಆ ಮೇಲೆ ಗಾಳಿಯನ್ನು ಉಗುಳಹತ್ತಿತು. ಓಣಿಯ ಒಂಬತ್ತು ಮನೆಗಳಲ್ಲಿ ನೀರುಳ್ಳ ಬಾವಿಗಳು ಎರಡೇ ಉಳಿದವು, ಅವುಗಳಲ್ಲಿ ನಮ್ಮದೊಂದು. ಹೆಣ್ಣುಮಕ್ಕಳು ಪ್ಲಾಸ್ಟಿಕ್ ಕೊಡಗಳನ್ನು ತಂದು ನಮ್ಮ ಬಾಗಿಲಲ್ಲಿ ಸಾಲಾಗಿ ಇಟ್ಟು ಹೋಗುತ್ತಿದ್ದರು. ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಆ ಬರಿಯ ಕೊಡಗಳ ಸಾಲೇ ಕೇಳುತ್ತಿತ್ತು.

ಅದೇ ವಾರದಲ್ಲಿ ತೋಟವು ಪೂರ್ಣವೈಭವದಲ್ಲಿತ್ತು. ಬೇವು, ಹೊಂಗೆ, ದೇವಕಣಗಿಲೆಗಳಿಗೆ ನಾನು ಕೊಡಬೇಕಾದದ್ದೇನೂ ಇರಲಿಲ್ಲ. ಮಲ್ಲಿಗೆಯ ಪೊದೆಗಳಿಗೆ ಪಾತ್ರೆ ತೊಳೆದ ನೀರು ಸಾಕಾಗುತ್ತಿತ್ತು. ಉಳಿದವು ಏಳು ಗುಲಾಬಿಗಳು. ಗುಲಾಬಿಯು ಎಲೆಯನ್ನು ಕಳಚಿ ಕಾಯುವ ಗಿಡವಲ್ಲ. ನಮ್ಮ ಬೇಸಗೆಯಲ್ಲಿ ಅದಕ್ಕೆ ದಿನವೂ ನೀರು ಬೇಕು. ಗಿಡಕ್ಕೆ ಒಂದು ಕೊಡದಂತೆ ಏಳು ಕೊಡ. ಏಳು ಕೊಡವೆಂದರೆ ಎರಡು ಮನೆಗಳ ಒಂದು ದಿನದ ಕುಡಿಯುವ ಮತ್ತು ಅಡಿಗೆಯ ನೀರು. ಲೆಕ್ಕವು ಇಷ್ಟು ಸರಳವಾಗಿದ್ದದ್ದೇ ಕಠಿಣವಾಗಿತ್ತು.

ಹಬ್ಬಕ್ಕೆಂದು ಹುಬ್ಬಳ್ಳಿಯಿಂದ ಬಂದಿದ್ದ ಮಗಳು ನನ್ನ ಮನಸ್ಸನ್ನು ತಿಳಿದು, "ಅಪ್ಪಾ, ಶಕುಂತಲೆ ಗಿಡಗಳಿಗೆ ನೀರು ಹಾಕದ ಹೊರತು ತಾನು ನೀರು ಕುಡಿಯುತ್ತಿರಲಿಲ್ಲವೆಂದು ನೀವೇ ಪಾಠ ಹೇಳಿದವರಲ್ಲವೇ?" ಎಂದಳು. ಪಾಠ ಹೇಳಿದವನನ್ನು ಪಾಠದಿಂದಲೇ ಕಟ್ಟಿಹಾಕುವದು ಜಾಣ ಮಕ್ಕಳ ರೀತಿ. ನಾನು, "ಹೇಳಿದ್ದು ನಿಜ. ಆದರೆ ಕಣ್ವರ ಆಶ್ರಮವು ಮಾಲಿನೀ ನದಿಯ ತೀರದಲ್ಲಿತ್ತು. ಅವಳು ತಡೆದದ್ದು ತನ್ನ ನೀರಡಿಕೆಯನ್ನು, ನೆರೆಯವರದನ್ನಲ್ಲ" ಎಂದೆನು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವ್ವ ಇದ್ದಿದ್ದರೆ ಏನು ಮಾಡುತ್ತಿದ್ದಳು?" ಎಂದು ಕೇಳಿದಳು. ಅದಕ್ಕೆ ನಾನು ಉತ್ತರ ಕೊಡಲಿಲ್ಲ. ಆ ಉತ್ತರಕ್ಕೆ ಅಧಿಕಾರವುಳ್ಳವಳು ಹೇಳಲು ಇರಲಿಲ್ಲ. ಅವಳ ಹೆಸರಿನಲ್ಲಿ ನನಗೆ ಅನುಕೂಲವಾದ ಉತ್ತರವನ್ನು ನಾನು ಹೇಳಿಕೊಳ್ಳುವದು ನ್ಯಾಯವಲ್ಲ. ತೀರ್ಪು ನನ್ನದೇ ಆಗಿರಬೇಕಾಗಿತ್ತು.

ಮರುದಿನದಿಂದ ಒಂದು ನಿಯಮವನ್ನು ಮಾಡಿದೆನು. ಬಾವಿಯ ಮೊದಲನೆಯ ನೀರು ಮನುಷ್ಯರಿಗೆ ಮತ್ತು ದನಕರುಗಳಿಗೆ. ಒಂದು ಸಲ ಸೇವೆ ಮಾಡಿದ ಎರಡನೆಯ ನೀರು ಮಾತ್ರ ಗಿಡಗಳಿಗೆ. ಅಕ್ಕಿ ತೊಳೆದ ನೀರು, ಪಾತ್ರೆ ತೊಳೆದ ನೀರು, ಸ್ನಾನದ ನೀರು, ಇವು ಮಲ್ಲಿಗೆಗೂ ಕಣಗಿಲೆಗೂ ಸಂದವು. ಸಾಬೂನಿನ ನೀರನ್ನು ಮೊದಲು ಮರಳಿನ ಗುಂಡಿಯಲ್ಲಿ ಇಳಿಸಿ ಬೇಲಿಯ ಕಡೆಗೆ ಬಿಟ್ಟೆವು. ಮೂಡಣ ಗೋಡೆಯವರೆಗೆ ಆ ಎರಡನೆಯ ನೀರು ಮುಟ್ಟಲಿಲ್ಲ. ಮೊದಲ ವಾರದಲ್ಲಿ ಗುಲಾಬಿಯ ಮೊಗ್ಗುಗಳು ಅರಳದೆ ತಲೆವಾಗಿದವು. ಎರಡನೆಯ ವಾರದಲ್ಲಿ ಎಲೆಗಳು ಕಂದಿದವು. ವೈಶಾಖದ ನಡುವಿಗೆ ಏಳೂ ಗಿಡಗಳು ಕಡ್ಡಿಯಾದವು. ಆ ದಿನಗಳಲ್ಲಿ ನಾನು ಹಿತ್ತಲಿಗೆ ಪಡುವಣ ಬಾಗಿಲಿನಿಂದಲೇ ಹೋಗುತ್ತಿದ್ದೆನು.

ಇದನ್ನು ನಾನು ತ್ಯಾಗವೆಂದು ಹೇಳಿಕೊಳ್ಳಲು ಬರೆಯುತ್ತಿಲ್ಲ. ಬಾಯಾರಿದವರಿಗೆ ನೀರು ಕೊಡುವದು ನಮ್ಮ ನಾಡಿನಲ್ಲಿ ತ್ಯಾಗವೆನಿಸುವದಿಲ್ಲ. ಬೇಸಗೆಯಲ್ಲಿ ಅರವಟ್ಟಿಗೆ ಇಡದ ಊರನ್ನು ಜನರು ಊರೆಂದೇ ಎಣಿಸುತ್ತಿರಲಿಲ್ಲ. ತೋಟದ ಸೌಂದರ್ಯವು ಅದರಿಂದ ಕಡಿಮೆಯಾಗಲಿಲ್ಲವೆಂದೂ ನಾನು ಹೇಳಲಾರೆನು. ಕಡಿಮೆಯಾಯಿತು. ಮುಂಜಾನೆಯ ಮೊದಲ ಬಿಸಿಲು ಬೀಳುವ ಸ್ಥಳದಲ್ಲಿ ಬಣ್ಣವಿದ್ದದ್ದು ಇಲ್ಲವಾಯಿತು. ೨೦೨೪ರ ಮುಂಗಾರು ಕೈಬಿಡಲಿಲ್ಲ; ಬಾವಿಗೆ ನೀರು ಬಂತು. ಹೊಸ ಗುಲಾಬಿಗಳನ್ನು ತರಬಹುದಾಗಿತ್ತು. ಮಗಳು ತರೋಣವೆಂದಳು. ನಾನು ಬೇಡವೆಂದೆನು. ಮತ್ತೊಂದು ಬರದಲ್ಲಿ ಮತ್ತೆ ಕೊಲ್ಲಬೇಕಾಗುವ ಗಿಡವನ್ನು ಬುದ್ಧಿಪೂರ್ವಕವಾಗಿ ನೆಡುವದು ನನಗೆ ಸರಿದೋರಲಿಲ್ಲ. ಆ ಸಾಲಿನಲ್ಲಿ ಸ್ಫಟಿಕದ ಗಿಡಗಳನ್ನೂ ಒಂದು ಕಕ್ಕೆಯ ಸಸಿಯನ್ನೂ ಹಾಕಿದೆವು. ಮಗಳು ಇಂದಿಗೂ ಅದನ್ನು "ಅವ್ವನ ಸಾಲು" ಎಂದೇ ಕರೆಯುತ್ತಾಳೆ. ಆದರೆ ಮೊದಲಿನಷ್ಟು ಚೆನ್ನಾಗಿಲ್ಲವೆಂದೂ ಹೇಳುತ್ತಾಳೆ. ಅವಳ ಎರಡು ಮಾತುಗಳೂ ನಿಜ.

ಈ ಸಂಗತಿಯನ್ನು ನೆನೆದಾಗಲೆಲ್ಲ ಬನಶಂಕರಿಯ ತಾಯಿಯು ನೆನಪಿಗೆ ಬರುವಳು. ಅವಳನ್ನು ಶಾಕಂಭರಿಯೆಂದು ಪೂಜಿಸುವೆವು. ನೂರು ವರುಷ ಮಳೆಯಿಲ್ಲದೆ ಲೋಕವು ತಳಮಳಿಸಿದಾಗ ತನ್ನ ಮೈಯಿಂದ ಹುಟ್ಟಿದ ಶಾಕಗಳಿಂದ ಜೀವಗಳನ್ನು ಪೊರೆದಳೆಂಬದು ದೇವೀಮಾಹಾತ್ಮ್ಯದ ಕಥೆ. ಪುಷ್ಯಮಾಸದ ಜಾತ್ರೆಯಲ್ಲಿ ನೂರೆಂಟು ಬಗೆಯ ಪಲ್ಯಗಳನ್ನು ಅವಳಿಗೆ ಎಡೆಮಾಡುವ ಪಲ್ಯದ ಹಬ್ಬವು ಈ ಕಥೆಯ ನೆನಪೇ ಆಗಿದೆ. ಬರಗಾಲದ ನಾಡು ತನ್ನ ದೇವತೆಯನ್ನು ಕಲ್ಪಿಸಿಕೊಂಡ ರೀತಿಯನ್ನು ನೋಡಿರಿ: ಮೊದಲು ಸೊಪ್ಪು, ಕಾಯಿಪಲ್ಯ, ಆ ಮೇಲೆ ಹೂವಿನ ಶೃಂಗಾರ. ಆದರೆ ಶೃಂಗಾರವನ್ನು ಬಿಟ್ಟುಬಿಡಲಿಲ್ಲ. ಪಲ್ಯದ ಎಡೆಯ ಪಕ್ಕದಲ್ಲಿ ಹೂವಿನ ಮಾಲೆಯೂ ಇದ್ದೇ ಇರುವದು. ಹೊಟ್ಟೆಗೆ ಇಲ್ಲದವರಿಗೆ ಹೂವೇಕೆ ಎನ್ನುವ ತರ್ಕವನ್ನು ನಮ್ಮ ಹೆಣ್ಣುಮಕ್ಕಳು ಎಂದೂ ಒಪ್ಪಿದವರಲ್ಲ. ಆ ಬರದ ಬೇಸಗೆಯಲ್ಲಿಯೇ ಕೊಡಕ್ಕಾಗಿ ಬಂದವರು ಬಾಗಿಲ ಬಳಿಯ ಮಲ್ಲಿಗೆಯ ನಾಲ್ಕು ಮೊಗ್ಗುಗಳನ್ನು ಕಿತ್ತು ಮುಡಿಗೆ ಸಿಕ್ಕಿಸಿಕೊಂಡು ಹೋಗುತ್ತಿದ್ದರು. ಅದನ್ನು ಕಂಡು ನನಗಾದ ಸಂತೋಷವು ಯಾವ ಪ್ರಮದವನದ ವರ್ಣನೆಯಲ್ಲಿಯೂ ಆದದ್ದಿಲ್ಲ.

ಆದ್ದರಿಂದ ಹಿತ್ತಲಲ್ಲಿ ಅಂಗೈಯಗಲ ನೆಲವುಳ್ಳ ಸದ್ಗೃಹಸ್ಥರಲ್ಲಿ ನನ್ನ ವಿನಂತಿಯಿಷ್ಟೆ. ನೀರು ಕಡಿಮೆಯೆಂದು ತೋಟವನ್ನು ಕೈಬಿಡಬೇಡಿರಿ. ಬೇರೆ ಸೀಮೆಯ ತೋಟವನ್ನು ಇಲ್ಲಿ ನಕಲುಮಾಡಲೂ ಹೋಗಬೇಡಿರಿ. ಮೊದಲು ಮಾಳಿಗೆಯ ಮಳೆನೀರು ನೆಲದಲ್ಲಿ ಇಂಗುವಂತೆ ಒಂದು ಗುಂಡಿಯನ್ನು ತೋಡಿರಿ. ಬಚ್ಚಲ ನೀರಿಗೆ ದಾರಿ ಮಾಡಿರಿ. ಬಳಿಕ ಒಂದು ಬೇವು, ಒಂದು ಹೊಂಗೆ, ಸ್ಥಳವಿದ್ದರೆ ಒಂದು ಕಕ್ಕೆ, ಬೇಲಿಗೆ ಕಣಗಿಲೆ. ದನ ಆಡುಗಳು ಅದಕ್ಕೆ ಬಾಯಿಹಾಕವು. ಆದರೆ ಅದು ವಿಷದ ಗಿಡವಾದ್ದರಿಂದ ಎಳೆಯ ಮಕ್ಕಳ ಕೈಗೆ ದೂರವಿರಲಿ. ಬಾಗಿಲ ಬಳಿ ದುಂಡುಮಲ್ಲಿಗೆ. ಮೊಗ್ಗನ್ನು ಮುಂಜಾನೆ ಕೊಯ್ಯಿರಿ. ಮುಡಿಯಲ್ಲಿಯೋ ದೇವರ ಮುಂದೆಯೋ ಸಂಜೆಗೆ ಅದು ತಾನಾಗಿ ಅರಳುವದು. ವರಾಹಮಿಹಿರನೂ ತೋಟದಲ್ಲಿ ಮೊದಲು ನೆಡತಕ್ಕ ಮಂಗಲವೃಕ್ಷಗಳ ಪಟ್ಟಿಯನ್ನು ಅರಿಷ್ಟದಿಂದಲೇ ಆರಂಭಿಸಿರುವನು. ಅರಿಷ್ಟವೆಂದರೆ ಬೇವೆಂದು ವ್ಯಾಖ್ಯಾನಿಸುವವರುಂಟು. ಅವರ ಪಕ್ಷವೇ ನನ್ನದು.

ವಿಶ್ವಾವಸು ಸಂವತ್ಸರದ ಚೈತ್ರದಲ್ಲಿ, ಎಂದರೆ ೨೦೨೫ರಲ್ಲಿ, ಮಲ್ಲಿಗೆಯು ಹಿಂದೆಂದೂ ಕಾಣದಷ್ಟು ಹೂಬಿಟ್ಟಿತು. ಪ್ರತಿದಿ‌ನ ಸೇರುಗಟ್ಟಲೆ ಮೊಗ್ಗು. ಮನೆಯ ದೇವರಿಗೆ ಒಂದು ಬೊಗಸೆ ಸಾಕು. ಉಳಿದದ್ದನ್ನು ಒಂದು ಬುಟ್ಟಿಯಲ್ಲಿ ಹಾಕಿ, ಹಸಿಬಟ್ಟೆ ಮುಚ್ಚಿ, ಹೊರಗಿನ ಕಟ್ಟೆಯ ಮೇಲೆ ಇಡುತ್ತ ಬಂದಿದ್ದೇನೆ. ಓಣಿಯವರು ಒಯ್ಯುತ್ತಾರೆ, ಕೆಲವೊಮ್ಮೆ ಬಸ್ಸಿಗೆ ಕಾದು ಬೇಸತ್ತ ಪರಸ್ಥಳದ ಹೆಣ್ಣುಮಕ್ಕಳೂ ಒಂದು ಹಿಡಿ ಬೇಡಿಕೊಂಡು ಹೋಗುತ್ತಾರೆ. ಮುಂದೆ ಬಾದಾಮಿಯಲ್ಲಿಯೋ ವಿಜಯಪುರದಲ್ಲಿಯೋ ಅವರು ಇಳಿಯುವ ಹೊತ್ತಿಗೆ ಸಂಜೆಯಾಗಿ, ಕುಳಗೇರಿ ಕ್ರಾಸಿನ ಮೊಗ್ಗುಗಳು ಅವರ ಮುಡಿಯಲ್ಲಿ ಅರಳಿರುತ್ತವೆ.